ಸಿಮೇಲಿಯ ಮಾತು ನನಗೂ ಬರುತ್ತಿತ್ತು

ಗೌರಕ್ಕ, ನಿನಗೆ ದೆವ್ವ ಬಡಿದಿರಲಿಲ್ಲ. ಆ ಮನೆಯಲ್ಲಿ ಅದು ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತೆ.

ಸಗರದ ಆ ಮನೆಗೆ ನೀನು ಹಿರಿಯ ಸೊಸೆ, ನಾನು ಕಿರಿಯಳು. ನೀನು ರೊಟ್ಟಿ ಬಡಿಯುತ್ತಿದ್ದೆ, ನಾನು ಹಂಚಿನ ಮೇಲೆ ಬೇಯಿಸುತ್ತಿದ್ದೆ. ಅತ್ತೆ ಮಾತ್ರ ಅಡುಗೆಮನೆಯ ಬಾಗಿಲಲ್ಲೇ ಕೂತು, "ಏನ್ ಗುಸುಗುಸು ನಡಸೀರಿ ಇಬ್ಬರೂ?" ಎನ್ನುತ್ತಿದ್ದಳು. ಒಂದು ದಿನ ನೀನು ಗಂಭೀರವಾಗಿ ರೊಟ್ಟಿಗೆ "ಬೂಕ" ಅಂದೆ. ಮರುದಿನ ಅತ್ತೆ "ಗಡುಂಬಿ" ಆದಳು. ಅಯ್ಯ ಶಿವನೆ, ಅವತ್ತು ನಕ್ಕ ನಗುವಿಗೆ ನನ್ನ ರೊಟ್ಟಿ ಸೀದು ಕರಕಲಾಯಿತು! ಬೈಸಿಕೊಂಡವಳು ನಾನೇ.

"ಮಾತು ಹುಟ್ಟಿದ ಮ್ಯಾಲ ಅದನ್ನ ಆಡೋ ಮಂದಿ ಎಲ್ಲಿರ್ತಾರ, ಶಾಂತಾ?" ಎಂದು ಕೇಳಿದವಳು ನೀನು. ಹಾಗೆ ಶಹಾಪುರದ ಗುಡ್ಡದ ಹಿಂದೆ ಸಿಮೇಲಿ ಎಂಬ ನಾಡೊಂದನ್ನು ಮನಸ್ಸಿನಲ್ಲೇ ಕಟ್ಟಿದೆವು. ಅಲ್ಲಿ ಉಂಡವರು ತಮ್ಮ ತಾಟು ತಾವೇ ತೊಳೆಯುತ್ತಿದ್ದರು. ಹೆಂಗಸರು ಮಧ್ಯಾಹ್ನ ಕಾಲು ಚಾಚಿ ಮಲಗುತ್ತಿದ್ದರು, ಯಾರೂ ಕೇಳುವವರಿಲ್ಲ. ಹೊಸ ಮಾತಿಗೆ ನೀನೇ ಒಂದು ಕಾಯ್ದೆ ಮಾಡಿದ್ದೆ — "ಇಬ್ಬರೂ ಹ್ಞೂಂ ಅಂದ್ರಷ್ಟ ಅದು ಮಾತು, ಒಬ್ಬಾಕಿ ಅಂದ್ರ ಬರೇ ಸಪ್ಪಳ." ಯಾವುದಕ್ಕೆ ನಾವು ಮಾತು ಮಾಡಲಿಲ್ಲವೋ ಅದು ಸಿಮೇಲಿಯಲ್ಲಿ ಇರಲೇ ಇಲ್ಲ. ಬಂಜೆ ಎನ್ನುವುದಕ್ಕೆ ಮಾತು ಮಾಡಲಿಲ್ಲ. ಅತ್ತೆ ದಿನಾ ಒಮ್ಮೆಯಾದರೂ ನಿನ್ನತ್ತ ಎಸೆಯುತ್ತಿದ್ದ ಆ ಶಬ್ದ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿ ನಿನಗೊಬ್ಬ ಮಗಳಿದ್ದಳು, ಲೋಮಿ. "ಲೋಮಿ, ಸೂನ ರೇವು" — ಲೋಮಿ, ನಿಲ್ಲು, ಬಂದೆ — ಎಂದು ನೀನು ಬಾಗಿಲ ಕಡೆ ನೋಡಿ ಅನ್ನುತ್ತಿದ್ದೆ. ಖರೇ ಹೇಳುತ್ತೇನೆ ಅಕ್ಕ, ಎಷ್ಟೋ ಸಲ ನಾನೂ ತಿರುಗಿ ನೋಡಿದ್ದೇನೆ.

ಆಮೇಲೆ ನಾನು ಬಸುರಾದೆ, ಚೊಚ್ಚಲ ಹೆರಿಗೆಗೆಂದು ವಡಗೇರಾದ ತವರಿಗೆ ಹೋದೆ. ಕೂಸಿನ ಕುಲಾಯಿ, ಕೌದಿ, ಎಲ್ಲದರ ಯೋಚನೆಯೂ ಬಂತು. ಆದರೆ ನಾನಿಲ್ಲದ ಆ ತಿಂಗಳುಗಳಲ್ಲಿ ನೀನು ಯಾರ ಜೊತೆ ಮಾತಾಡುತ್ತೀ ಎಂಬುದು — ಅದೊಂದು ಹೊಳೆಯಲೇ ಇಲ್ಲ. ನೀನು ಲೋಮಿಯ ಜೊತೆ ಮಾತಾಡಿದೆ. ಹಿತ್ತಲಲ್ಲಿ ಕುಳ್ಳು ಬಡಿಯುತ್ತ, ಒಬ್ಬಳೇ, ಗಟ್ಟಿಯಾಗಿ. ಓಣಿಯ ಮಂದಿ ಕೇಳಿಸಿಕೊಂಡರು.

ನಾನು ಮಗಳನ್ನು ಎತ್ತಿಕೊಂಡು ತಿರುಗಿ ಬಂದಾಗ ನೀನು ಓಡಿ ಬಂದು ಕೂಸನ್ನು ಎದೆಗೆ ಒತ್ತಿಕೊಂಡೆ. "ಲೋಮಿ" ಅಂದೆ. ಇನ್ನೂ ಏನೇನೋ ಅಂದೆ. ಅತ್ತೆ ಕೂಸನ್ನು ಕಸಿದುಕೊಂಡಳು. ಪಡಸಾಲೆಯಲ್ಲಿ ಭಾವ ಇದ್ದರು, ನೆರೆಯವರಿದ್ದರು.

"ಶಾಂತಾ, ಇಕಿ ಏನ ಮಾತಾಡಾಕತ್ತಾಳ? ನಿನಗೇನರ ತಿಳೀತದೇನು?"

"ಇಲ್ರಿ ಅತ್ತಿ, ನನಗೇನೂ ತಿಳೀವಲ್ದು."

ಅಷ್ಟೇ. ಹೆದರಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ಮೊದಲು ಹೊಟ್ಟೆಕಿಚ್ಚು ಬಂದಿತ್ತು. ನನ್ನ ಕೂಸನ್ನು ನೀನು ಲೋಮಿ ಅಂದೆಯಲ್ಲ — ಅದು ನನ್ನದು, ನನ್ನದಷ್ಟೇ ಆಗಿರಲಿ ಅನ್ನಿಸಿತು. ಆ ಒಂದು ಗಳಿಗೆಗೆ ನಿನ್ನನ್ನು ಬಿಟ್ಟುಕೊಟ್ಟೆ.

ಬೇವಿನ ತೊಪ್ಪಲು ಹಿಡಿದು ದೆವ್ವ ಬಿಡಿಸುವವನೊಬ್ಬ ಬಂದ. "ಯಾರು ನೀ? ಯಾವ ಊರಿಂದ ಬಂದೀ?" ಎಂದು ಕೇಳಿ ಕೇಳಿ ಹೊಡೆದ. ನೀನು ಸಿಮೇಲಿ ಎನ್ನಲಿಲ್ಲ. ಶಾಂತಾಗೂ ಈ ಮಾತು ಬರುತ್ತದೆ ಎಂದೂ ಅನ್ನಲಿಲ್ಲ. ಬೆರಳು ತೋರಿಸಿದ್ದರೆ ಸಾಕಿತ್ತು. ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದ ನನ್ನ ಕಡೆ ನೀನು ಒಂದು ಸಲ ನೋಡಿ ತಲೆ ತಗ್ಗಿಸಿದೆ. ಮರುದಿನ ರಾಮಸಮುದ್ರದಿಂದ ನಿನ್ನ ಅಣ್ಣ ಬಂದು ಕರೆದುಕೊಂಡು ಹೋದ. ಭಾವ ಮತ್ತೆ ಕರೆತರಲು ಹೋಗಲಿಲ್ಲ.

ಅಂದಿನಿಂದ ಈ ಮಾತನ್ನು ನಾನು ಮನಸ್ಸಿನಲ್ಲೇ ಆಡಿಕೊಳ್ಳುತ್ತಿದ್ದೇನೆ, ಅಕ್ಕ. ಹಿಟ್ಟು ನಾದುವಾಗ ಬೂಕ ಅನ್ನುತ್ತೇನೆ. ಆಚೆ ಕಡೆಯಿಂದ ಯಾರೂ ನಗುವುದಿಲ್ಲ. ನಿನ್ನ ಕೈಯ ರೊಟ್ಟಿಯ ಸಪ್ಪಳ, ಆ ನಗು — ಎಷ್ಟು ಬೇಕಾಗಿದೆ ಎಂದು ಹೇಗೆ ಹೇಳಲಿ?

ಮೊನ್ನೆ ನನ್ನ ಮಗಳು, ಆ ಕೂಸೇ, ಫೋನು ನೋಡುತ್ತ ಹೇಳಿದಳು: "ಅವ್ವಾ, ಸಿನಿಮಾದಾಗಿನ ನಾಡಿಗಿ ಹೊಸಾ ಭಾಷಾನೂ ಮಾಡ್ತಾರಂತ. ಮಂದಿ ಕುಂತು ಅದನ್ನ ಕಲೀತಾರಂತ. ಎಷ್ಟ್ ಶಾಣ್ಯಾರದಾರ ನೋಡು!" ನನ್ನ ಕೈಯಲ್ಲಿದ್ದ ತಾಟು ಕೆಳಗೆ ಬಿತ್ತು. ಅಲ್ಲೆಲ್ಲೋ ಅದಕ್ಕೆ ಶಾಣ್ಯಾತನ ಎನ್ನುತ್ತಾರೆ. ನಾವು ಅದಕ್ಕೇ ನಿನ್ನನ್ನು ಹೊಡೆಸಿದೆವು.

ಅವತ್ತೇ ಭಾವನ ಮುಂದೆ, ಹಾಸಿಗೆ ಹಿಡಿದಿರುವ ಅತ್ತೆಯ ಮುಂದೆ ನಿಂತೆ. "ಗೌರಕ್ಕಗ ಏನೂ ಬಡಿದಿದ್ದಿಲ್ರಿ. ಆ ಮಾತು ನಾವಿಬ್ಬರೂ ಕೂಡಿ ಮಾಡಿದ್ದು. ನನಗೂ ಬರ್ತದ" ಎಂದು ಹೇಳಿ, ಗೊತ್ತಿದ್ದದ್ದೆಲ್ಲ ಗಟ್ಟಿಯಾಗಿ ಆಡಿ ತೋರಿಸಿದೆ. ಅತ್ತೆ ಅಂದು ನಿನ್ನನ್ನು ನೋಡಿದ ಹಾಗೇ ನನ್ನನ್ನು ನೋಡಿದಳು. ಭಾವ ಎದ್ದು ಹೊರಗೆ ಹೋದರು. ನನ್ನ ಮಗಳು ಮಾತ್ರ ಕೇಳಿದಳು, "ಲೋಮಿ ಅಂದ್ರ ಯಾರವ್ವ?"

ನಾಳೆ ರಾಮಸಮುದ್ರಕ್ಕೆ ಬರುತ್ತೇನೆ. ತಪ್ಪಾಯಿತು ಎನ್ನುವುದಕ್ಕೆ ಸಿಮೇಲಿಯಲ್ಲಿ ಏನನ್ನುತ್ತಾರೆ ಎಂದು ರಾತ್ರಿಯೆಲ್ಲ ಹುಡುಕಿದೆ. ಇಲ್ಲ ಅಕ್ಕ, ಅದಕ್ಕೆ ನಾವು ಮಾತೇ ಮಾಡಿಲ್ಲ. ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಹೀಗೆ ಮಾಡುತ್ತಾರೆ ಎಂದು ನಮಗೆ ಹೊಳೆದೇ ಇರಲಿಲ್ಲ. ಈಗ ನಾನೊಂದು ಮಾಡಿಕೊಂಡಿದ್ದೇನೆ. ನಿನ್ನ ಬಾಗಿಲಲ್ಲಿ ನಿಂತು ಅನ್ನುತ್ತೇನೆ. ನೀನು ಹ್ಞೂಂ ಅನ್ನದಿದ್ದರೆ ಅದು ಬರೇ ಸಪ್ಪಳ — ಕಾಯ್ದೆ ನಿನ್ನದು, ನಾನು ಮರೆತಿಲ್ಲ.