ಕೆಂಪಂಚಿನ ಪಂಚೆಯ ಮೇಲೆ ಓಡಿದ ಹೋತ

ಟೂರಿಂಗ್ ಟಾಕೀಸಿನ ಮೈಕು ಕೇಳಿಸಿದರೆ ಸಾಕು, ತಟ್ಟೆಯ ಮುದ್ದೆ ಅರ್ಧಕ್ಕೇ ಬಿಟ್ಟು ಬೀದಿಗೆ ಓಡುತ್ತಿದ್ದ ಕಾಲ ಅದು. ಅಂಥದ್ದರಲ್ಲಿ ಸಿನಿಮಾ ನಮ್ಮ ಶಾಲೆಗೇ ಬರುತ್ತದೆ ಅಂದರೆ ನಮಗೆ ಹೇಗಾಗಿರಬೇಡ! ಹುಲ್ಲಹಳ್ಳಿ ಪಕ್ಕದ ನಮ್ಮೂರಲ್ಲಿ ಆಗ ಕಬ್ಬು ಕಡಿಯುವ ಸಮಯ. ಆಲೆಮನೆಯ ಬಿಸಿ ಬೆಲ್ಲ ನೆಕ್ಕಿದ ಅಂಟುಗೈಯಲ್ಲೇ ಸ್ಲೇಟು ಹಿಡಿಯುತ್ತಿದ್ದೆವು. ಒಂದು ಸೋಮವಾರ ನಮ್ಮ ಹೆಡ್‌ಮೇಷ್ಟ್ರು ಮೈಸೂರಿನ ಹಳೇ ಸಾಮಾನಿನ ಅಂಗಡಿಯಿಂದ ಕೈಯಲ್ಲಿ ತಿರುಗಿಸುವ ಸಿನಿಮಾ ಮಿಷನ್ನು, ಜೊತೆಗೆ ಒಂದೇ ಒಂದು ರೀಲು, ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿಳಿದರು.

"ಬೊಂಬೆ ಸಿನಿಮಾ ಕಣ್ರೋ, ಚಿತ್ರ ಬರೆದು ಬರೆದು ಮಾಡಿರೋದು. ತುಂಬ ಹಳೇದು. ಮಾತಿಲ್ಲ, ಹಾಡಿಲ್ಲ. ನಾನೂ ಇನ್ನೂ ನೋಡಿಲ್ಲ" ಅಂದರು.

ಮಾತಿಲ್ಲ ಅಂದ ತಕ್ಷಣ ನನಗೆ ಅಕ್ಕನ ನೆನಪಾಯಿತು. ಅಕ್ಕ ಚಿಕ್ಕತಾಯಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ, ಮಾತೂ ಬಂದಿರಲಿಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಶಾಲೆಗೆ ಹಾಕಿರಲಿಲ್ಲ. ಮೀಸೆ ತಿರುವಿದರೆ ಅಪ್ಪ, ಕೆಚ್ಚಲು ಹಿಂಡಿದ ಹಾಗೆ ಮಾಡಿದರೆ ಹಾಲು. ಹೀಗೆ ಮನೆಯವರಿಗಷ್ಟೇ ತಿಳಿಯುವ ಕೈಭಾಷೆ ಅವಳದು. ಟೂರಿಂಗ್ ಟಾಕೀಸಿಗೆ ಒಮ್ಮೆ ಕರೆದುಕೊಂಡು ಹೋಗಿದ್ದೆವು. ಏನಂತೆ, ಏನಂತೆ ಎಂದು ನನ್ನ ತೋಳು ಜಗ್ಗಿ ಜಗ್ಗಿ ಸಾಕಾಗಿ ಮರಳಲ್ಲೇ ಮಲಗಿಬಿಟ್ಟಿದ್ದಳು. ಈ ಸಿನಿಮಾನಾದರೂ ಅವಳಿಗೆ ತೋರಿಸಲೇಬೇಕು ಅಂತ ನನಗೆ ಹಟ ಹತ್ತಿತು.

ದಾರಿ ತಾನಾಗೇ ತೆರೆಯಿತು. ಹಗಲು ಹೊತ್ತು ಸಿನಿಮಾ ಆಡಿಸಬೇಕಾದರೆ ಕೋಣೆ ಕತ್ತಲಾಗಬೇಕು. ಶಾಲೆಯ ಕಿಟಕಿಗಳಿಗೋ ಬಾಗಿಲೇ ಇರಲಿಲ್ಲ. ಊರಲ್ಲಿ ದೊಡ್ಡ ದೊಡ್ಡ ಕಂಬಳಿಗಳು ಇದ್ದದ್ದು ಕುರಿ ಸಾಕುವ ನಮ್ಮ ಮನೆಯಲ್ಲಿ. ಮೇಷ್ಟ್ರು ಕೇಳಲು ಬಂದಾಗ ನಾನು ಅವ್ವನ ಸೆರಗು ಹಿಡಿದು ಕಿವಿಯಲ್ಲಿ ಊದಿದೆ.

"ಕಂಬ್ಳಿ ತಕೊಂಡೋಗಿ ಮೇಷ್ಟ್ರೇ. ಜೊತ್ಗೆ ನಮ್ ದೊಡ್ಡವ್ಳನ್ನೂ ಕರ್ಕೊಂಡೋಗಿ" ಅಂದಳು ಅವ್ವ.

"ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರನ್ನ ಹೇಗಮ್ಮ ಕೂರಿಸಲಿ? ಅದೂ ಅಲ್ದೆ, ಅವಳಿಗೇನು ಅರ್ಥ ಆಗುತ್ತೆ?"

"ಕಂಬ್ಳಿ ಎಸ್ರೂ ಆಜರಿ ಪುಸ್ತಕ್ದಲ್ಲಿ ಇಲ್ಲ ಅಲ್ವುರಾ?"

ಮೇಷ್ಟ್ರಿಗೆ ನಗು ಬಂತು. "ಆಯ್ತು, ಬರಲಿ. ಗಲಾಟೆ ಮಾಡಿದ್ರೆ ಮಾತ್ರ ಆಚೆ ಕಳಿಸಿಬಿಡ್ತೀನಿ" ಅಂದರು.

ಮಾರನೇ ದಿನ ಕಿಟಕಿಗೆಲ್ಲ ಕಂಬಳಿ ಬಿತ್ತು. ಕುರಿ ಉಣ್ಣೆಯ ಘಾಟು, ಬೆಲ್ಲದ ವಾಸನೆ, ಬೆವರು, ಮಿಷನ್ನಿನ ಬಿಸಿ ಎಣ್ಣೆ, ಎಲ್ಲ ಸೇರಿ ತಲೆ ಗಿಮ್ಮೆನ್ನುತ್ತಿತ್ತು. ಪರದೆ ಅಂದರೆ ಮೇಷ್ಟ್ರ ಮದುವೆಯ ಪಂಚೆ. ಅದರ ಕೆಂಪಂಚು ಕೆಳಗೆ ಬರುವ ಹಾಗೆ ಗೋಡೆಗೆ ಮೊಳೆ ಹೊಡೆದಿದ್ದರು. ಕಟಕಟ ಎಂದು ಮಿಷನ್ನು ತಿರುಗಿತು. ಪಂಚೆಯ ಮೇಲೆ ಟೋಪಿ ಹಾಕಿದ ಒಂದು ಹೋತ, ಎರಡೇ ಕಾಲಲ್ಲಿ ಓಡುತ್ತಾ ಬಂತು!

ನಾವು ಕಿರುಚಿದ ಕಿರುಚಿಗೆ ಹೆಂಚಿನ ಮೇಲಿದ್ದ ಪಾರಿವಾಳಗಳು ಎದ್ದುಹೋದವು. ಆ ಹೋತಕ್ಕೆ ಮೂಳೆ ಅನ್ನುವುದೇ ಇರಲಿಲ್ಲ. ಹಳ್ಳ ಅಡ್ಡ ಬಂದರೆ ಗಡ್ಡ ಉದ್ದವಾಗಿ ಸೇತುವೆಯಾಯಿತು. ಸುಸ್ತಾದರೆ ಎರಡೂ ಕೊಂಬು ಕಿತ್ತು ಸೈಕಲ್ ಹ್ಯಾಂಡಲ್ ಮಾಡಿಕೊಂಡು ಹೊರಟೇಬಿಟ್ಟಿತು. ಕಂಕುಳ ಹತ್ತಿರ ಒಂದು ಬಟ್ಟೆಗಂಟು. ಹಿಂದೆ ಕೋಲು ಹಿಡಿದ ದಪ್ಪ ನಾಯಿ.

ಕುಂದು ಹುಡುಕಿದರೆ ಬೇಕಾದಷ್ಟಿತ್ತು. ಅದೇ ಮರ, ಅದೇ ಬೇಲಿ, ಮತ್ತೆ ಅದೇ ಮರ. "ಇದೇನ್ಲಾ, ಒಂದೇ ಮರ್ವ ಸುತ್ತಾವ್ನೆ!" ಅಂತ ಹಿಂದಿನಿಂದ ಯಾರೋ ಕೂಗಿದರು. ಬರೆದವನು ನೆಲ ಬರೆಯುವುದನ್ನೇ ಮರೆತಿದ್ದ. ಪಂಚೆಯ ಕೆಂಪಂಚು ಇಲ್ಲದಿದ್ದರೆ ಹೋತ ಗಾಳಿಯಲ್ಲೇ ಓಡಬೇಕಿತ್ತು. ಚಿತ್ರವೆಲ್ಲ ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತು. ನಡುನಡುವೆ ಇಂಗ್ಲಿಷ್ ಬರಹ ಬೇರೆ. ಮೇಷ್ಟ್ರು ಓದಿ ಹೇಳಬೇಕು, ಆದರೆ ಅವರ ಕೈಯೇ ಜೋರಾಗಿ ತಿರುಗಿಸಿ ಅಕ್ಷರಗಳು ಓದುವ ಮೊದಲೇ ಓಡಿಹೋಗುತ್ತಿದ್ದವು. ಓದಲಾಗಲಿಲ್ಲ ಅಂತ ನಮ್ಮೆದುರು ಒಪ್ಪುವ ಆಸಾಮಿ ಅಲ್ಲ ಅವರು. ಬಾಯಿಗೆ ಬಂದ ಕಥೆ ಹೊಸೆದರು.

"ಈ ಹೋತ ಕಳ್ಳ. ಸಾಹುಕಾರನ ಗಂಟು ಕದ್ದಿದೆ. ಕದ್ದವರ ಗತಿ ಏನಾಗುತ್ತೆ ನೋಡಿ."

ಮಿಷನ್ನಿನ ಬೆಳಕಲ್ಲಿ ನಾನು ಅದನ್ನು ಕೈಸನ್ನೆ ಮಾಡಿ ತಿಳಿಸಿದ್ದೇ ತಡ, ಅಕ್ಕ ಎದ್ದು ನಿಂತಳು. ಎರಡೂ ಕೈ ಬೀಸಿ ಇಲ್ಲ, ಇಲ್ಲ ಅಂದಳು. ಅವಳ ನೆರಳು ಪಂಚೆಯ ತುಂಬ ಬಿದ್ದು ಹೋತ ಮಾಯವಾಯಿತು. ಮಕ್ಕಳೆಲ್ಲ ಹೋ ಎಂದವು. ಮೇಷ್ಟ್ರು ಮಿಷನ್ನು ನಿಲ್ಲಿಸಿ ದೀಪ ಆರಿಸಿದರು. "ನಾನು ಹೇಳಿರಲಿಲ್ವಾ? ಕರ್ಕೊಂಡು ನಡಿ ಆಚೆ!"

ಯಾರೋ ಬಾಗಿಲ ಕಂಬಳಿ ಸರಿಸಿದರು, ಬೆಳಕು ಬಂತು. ಅಕ್ಕ ನನ್ನ ಮುಖ ನೋಡುತ್ತಾ ಕೈಯಲ್ಲಿ ಹೇಳುತ್ತಲೇ ಇದ್ದಳು. ಮೇಷ್ಟ್ರೆಂದರೆ ನನಗೆ ಹೆದರಿಕೆ. ಆದರೂ ಬಾಯಿ ಬಿಟ್ಟೆ.

"ಸಾ, ಅಕ್ಕ ಯೋಳ್ತಾವ್ಳೆ, ಅದು ಕಳ್ಳ ಅಲ್ವಂತೆ. ಗಂಟೊಳ್ಗೆ ಮರಿ ಅದಂತೆ."

"ಅವಳಿಗೆ ಹೇಗೆ ಗೊತ್ತು?"

"ಕದ್ದೋನು ಗಂಟ ಅವುಚ್ಕೊಂಡು ಓಡ್ತಾನಂತೆ ಸಾ. ಇದು ಒಂದು ಕೈಯ ಗಂಟಿನ್ ಕೆಳಕ್ಕೆ ಕೊಟ್ಟದೆ, ಅಲ್ಲಾಡ್ದಂಗೆ. ನಮ್ಮಕ್ಕ ಕೊಟ್ಗೇಲಿ ಮರಿ ಎತ್ಕೊಳ್ಳೋದು ಅಂಗೇಯ."

ಇಡೀ ಕೋಣೆ ನಕ್ಕಿತು. ಮೇಷ್ಟ್ರಿಗೆ ರೋಷ ಬಂತು. "ಸರಿ, ನೋಡೇಬಿಡೋಣ. ಮರಿ ಇದ್ರೆ ಅವಳು ದಿನಾ ಬಂದು ಕೂತ್ಕೊಳ್ಳಲಿ. ಇಲ್ದಿದ್ರೆ ಇಬ್ರೂ ಆಚೆ."

ಮತ್ತೆ ಕತ್ತಲು, ಮತ್ತೆ ಕಟಕಟ. ನಾನು ಅಕ್ಕನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ನನ್ನದೇ ಬೆರಳು ನೋಯುತ್ತಿತ್ತು. ಹೋತ ಓಡಿತು, ಬಿತ್ತು, ಎದ್ದಿತು. ಕೊನೆಗೆ ನಾಯಿ ಅದರ ಬಾಲ ಹಿಡಿದು ಎಳೆದು ಗಂಟು ಕಸಿದುಕೊಂಡಿತು. ಬಿಚ್ಚಿತು. ಒಳಗಿನಿಂದ ಬೆರಳುದ್ದದ ಟೋಪಿ ಹಾಕಿದ ಪುಟಾಣಿ ಮರಿಯೊಂದು ತಲೆಯೆತ್ತಿ ನಾಯಿಯ ಮೂಗು ನೆಕ್ಕಿತು!

ಆಮೇಲಿನ ಗದ್ದಲ ಹೇಳತೀರದು. ಹುಡುಗರು ಹಲಗೆಯ ಮೇಲೆ ಹತ್ತಿ ಕುಣಿದರು. ಮಾತು ಬಲ್ಲ ನಾವೆಲ್ಲ ಮೇಷ್ಟ್ರ ಕಥೆಯನ್ನು ಕಿವಿಯಿಂದ ಕೇಳಿ ನಂಬಿದ್ದೆವು. ಅಕ್ಕ ಒಬ್ಬಳೇ ಸಿನಿಮಾ ನೋಡಿದ್ದಳು. ಮೇಷ್ಟ್ರು ದೊಡ್ಡ ಮನುಷ್ಯ, ಮಾತಿಗೆ ತಪ್ಪಲಿಲ್ಲ. ಮರುದಿನದಿಂದ ಅಕ್ಕನನ್ನೇ ಪಂಚೆಯ ಪಕ್ಕ ನಿಲ್ಲಿಸಿದರು. ಅವರು ತಿರುಗಿಸುವುದು, ಅವಳು ಕೈಯಲ್ಲಿ, ಹುಬ್ಬಲ್ಲಿ, ಇಡೀ ಮೈಯಲ್ಲಿ ಕಥೆ ಹೇಳುವುದು. ಅದೇ ರೀಲು ಐದು ದಿನ ನೋಡಿದರೂ ಸಾಕಾಗಲಿಲ್ಲ. ಯಾವಾಗ ನಗಬೇಕೆಂದು ನಾವು ಅವಳ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆವು. ಶನಿವಾರ ರೀಲು ಸಿಕ್ಕಿಕೊಂಡು, ದೀಪದ ಕಾವಿಗೆ ಹೋತದ ನಡು ಕಂದುಬಣ್ಣಕ್ಕೆ ತಿರುಗಿ ಸುಟ್ಟುಹೋಯಿತು. ಮೇಷ್ಟ್ರು ಮೈಸೂರಿನ ಅಂಗಡಿಗೆ ಮತ್ತೆ ಹೋದರು, ಇನ್ನೊಂದು ರೀಲು ಸಿಗಲಿಲ್ಲ.

ಈಗ ಅಕ್ಕ ಟಿ. ನರಸೀಪುರದಲ್ಲಿದ್ದಾಳೆ, ಮೊಮ್ಮಗನೂ ಇದ್ದಾನೆ. ಮೊನ್ನೆ ನಾನಿರುವ ನಂಜನಗೂಡಿನಿಂದ ಅಲ್ಲಿಗೆ ಹೋಗಿದ್ದಾಗ ಅವನು ಮೊಬೈಲಿನಲ್ಲಿ ಬೊಂಬೆ ಸಿನಿಮಾ ನೋಡುತ್ತಿದ್ದ. ಎಂಥ ಬಣ್ಣ, ಎಂಥ ನುಣುಪು! ಒಂದು ಎಲೆಯ ಹಾಗೆ ಇನ್ನೊಂದಿಲ್ಲ, ನೆಲವೂ ಇದೆ. ನನಗೆ ಹಳೇ ಹುಮ್ಮಸ್ಸು ಬಂದು ಸೌಂಡ್ ತೆಗೆದು ಅಕ್ಕನ ಕೈಗೆ ಕೊಟ್ಟೆ. ಎರಡು ಮೊಲಗಳು ನಿಂತಲ್ಲೇ ನಿಂತು ಬಾಯಿ ಆಡಿಸುತ್ತಿದ್ದವು. ಅಕ್ಕ ಕಾದಳು. ಮೊಲಗಳು ಮಾತು ಮುಗಿಸಲಿಲ್ಲ.

"ಚಿಕ್ಕಜ್ಜಿ, ಸೌಂಡೇ ಬತ್ತಿಲ್ಲ!" ಎಂದು ಹುಡುಗ ಮೊಬೈಲು ಕಿತ್ತುಕೊಂಡು ಸರಿಮಾಡಿಕೊಂಡ. ಮೊಲ ಏನೋ ಹೇಳಿತು, ಅವನು ಬಿದ್ದು ಬಿದ್ದು ನಕ್ಕ. ನನಗೂ ನಗು ಬಂತು. ಅಕ್ಕ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ತಾನೂ ನಕ್ಕಳು.