ಗೆರೆಯಿಲ್ಲದ ಬೆರಳಿಗೆ ತೆರೆಯುತ್ತಿದ್ದ ಫೋನು

ಖಾಲಾ ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಬೇಯಿಸಿ ಸಿಪ್ಪೆ ಸುಲಿದ ಆಲೂಗಡ್ಡೆಯ ಹಾಗೆ ಬೆಳ್ಳಗೆ, ನುಣ್ಣಗೆ ಇದ್ದವು. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದಂದಿನಿಂದ ಅವರು ಕುದಿಯುವ ನೀರಿನ ಬೇಸಿನ್ನಿಗೆ ಕೈ ಅದ್ದಿ, ರೇಷ್ಮೆಗೂಡಿನಿಂದ ಎಳೆ ಹುಡುಕಿ ತೆಗೆಯುತ್ತಿದ್ದವರು. ಆ ನೀರು ಗೆರೆಗಳನ್ನೆಲ್ಲ ತಿಂದುಹಾಕಿತ್ತು. ರೇಷನ್ ಅಂಗಡಿಯ ಮಿಷನ್ನು ಯಾವ ತಿಂಗಳೂ ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. "ಮಿಷನ್ ಪ್ರಕಾರ ನಾನು ಹುಟ್ಟೇ ಇಲ್ಲ ಟೀಚರಮ್ಮ. ಹುಟ್ಟದೇ ಇರೋಳಿಗೆ ಅಕ್ಕಿ ಯಾಕೆ ಕೊಡ್ತಾರೆ?" ಎಂದು ನಗುತ್ತ ಖಾಲಿ ಚೀಲ ಮಡಚಿಕೊಂಡು ಬರುತ್ತಿದ್ದರು.

ನಾನು ಗೌರಿಬಿದನೂರಿನ ಕಡೆಯವಳು. ಇಲ್ಲಿನ ಶಾಲೆಗೆ ವರ್ಗವಾಗಿ ಬಂದಾಗ ಸಿಕ್ಕಿದ ಬಾಡಿಗೆ ಮನೆಗೂ ಖಾಲಾ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಓಣಿಯ ಮಕ್ಕಳ ಹಾಗೆ ನಾನೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆದೆ. ಅವರ ಮನೆಯ ಮುಂದಿನ ಅರ್ಧ ಸಂಸಾರ, ಹಿಂದಿನ ಅರ್ಧ ಗೂಡು ಬಿಚ್ಚುವ ಫಿಲೇಚರ್. ಬೆಂದ ಹುಳುವಿನ ವಾಸನೆಗೆ ಮೊದಮೊದಲು ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದೆ. ಆಮೇಲೆ ರಜಕ್ಕೆ ಊರಿಗೆ ಹೋದರೆ ಆ ವಾಸನೆಯಿಲ್ಲದೆ ನಿದ್ದೆ ಬಾರದ ಹಾಗಾಯಿತು. ನಾನು ಮಹಾ ಪುಕ್ಕಲು. ಮನೆಯಲ್ಲಿ ಒಬ್ಬಳೇ ಇದ್ದಾಗ ಪಾತ್ರೆ ಸದ್ದಾದರೂ ಓಡಿಹೋಗಿ ಖಾಲಾ ಮನೆಯ ಕಟ್ಟೆ ಹಿಡಿಯುತ್ತಿದ್ದೆ. "ದೆವ್ವಕ್ಕೆ ಬೇರೆ ಕೆಲಸ ಇಲ್ವಾ, ನಿನ್ ಸ್ಟೀಲ್ ಪಾತ್ರೆ ಎಣಿಸಕ್ಕೆ ಬರತ್ತಾ?" ಎನ್ನುತ್ತಲೇ ಚಹಾ ಕೊಡುತ್ತಿದ್ದರು.

ಅವರ ಯಜಮಾನರು ಬೇಸಿನ್ನಿಗೆ ಕೈ ಹಾಕಿದವರಲ್ಲ. ಅವರದು ಮಾರುಕಟ್ಟೆಯ ಕೆಲಸ. ಗೂಡಿನ ಹರಾಜು ಫೋನಿಗೆ ಬಂದ ಮೇಲೆ, ಬೆರಳಿಟ್ಟರೆ ತೆರೆಯುವ ಒಂದು ಫೋನು ಕೊಂಡು, ರೈತರು ಸುರಿದ ಗೂಡಿನ ಲಾಟುಗಳ ಮುಂದೆ ನಿಂತು ಅದರಲ್ಲೇ ಬಿಡ್ ಹಾಕುತ್ತಿದ್ದರು. ಒಮ್ಮೆ ಖಾಲಾ ಆಸೆಪಟ್ಟರೆಂದು ಅವರ ಬೆರಳನ್ನೂ ಅದರೊಳಗೆ ಸೇರಿಸಲು ಇಡೀ ಸಂಜೆ ಹೆಣಗಿದ್ದರು. ಫೋನು ಒಪ್ಪಲಿಲ್ಲ. "ನಿನ್ ಬೆರಳು ಕನ್ನಡಿ ಥರ ಇದೆ, ಅದಕ್ಕೇನೂ ಕಾಣ್ತಿಲ್ಲ" ಎಂದು ಯಜಮಾನರು ರೇಗಿಸಿದ್ದು ನನಗೂ ನೆನಪಿದೆ. ಬೇಸಿನ್ನಿಗೆ ಕೈ ಹಾಕದಿದ್ದರೂ ಮನೆಯ ಹಬೆಯೆಲ್ಲ ಎದೆಗೆ ಇಳಿದು ಅವರು ತೀರಿಕೊಂಡಾಗ ಆ ಫೋನು ಖಾಲಾ ಪಾಲಿಗೆ ಉಳಿಯಿತು.

ಗಂಡ ಸತ್ತ ಹೆಂಗಸು ಮನೆಯೊಳಗೇ ಇರಬೇಕಾದ ಇದ್ದತ್ತಿನ ತಿಂಗಳುಗಳು ಮುಗಿದ ಮೇಲೆ ಒಂದು ಬೆಳಿಗ್ಗೆ ನನ್ನನ್ನು ಕರೆದರು. ಮಾರುಕಟ್ಟೆಗೆ ಇನ್ನು ತಾವೇ ಹೋಗುವುದೆಂದು ತೀರ್ಮಾನಿಸಿದ್ದರು. ಯಜಮಾನರು ಒಮ್ಮೆ ನನಗೆ ತೋರಿಸಿದ್ದ ಹಾಗೆ, ಬೆರಳಿನ ಬದಲು ಪರದೆಯ ಚುಕ್ಕಿಗಳ ಮೇಲೆ ಗೀಟು ಎಳೆದು ಫೋನು ತೆರೆಯುವುದನ್ನು ಕಲಿಸಿಕೊಡಬೇಕಿತ್ತು. ಚಾರ್ಜಿನಿಂದ ತೆಗೆದು, ಧೂಳು ಒರೆಸಲೆಂದು ಹಿಂಬದಿಯ ಗುಂಡಗಿನ ಜಾಗಕ್ಕೆ ಬೆರಳಿಟ್ಟರು ಅಷ್ಟೇ, ಫೋನು ತೆರೆದುಕೊಂಡಿತು. ಆರಿಸಿ ಮತ್ತೆ ಬೆರಳಿಟ್ಟರು. ಮತ್ತೆ ತೆರೆಯಿತು. ಹಳೆಯ ಫೋನು, ಕೆಟ್ಟಿರಬೇಕು ಎಂದು ನಾನು ನನ್ನ ಬೆರಳಿಟ್ಟೆ, ಅದು ಗುರ್ರೆಂದು ನಡುಗಿ ಸುಮ್ಮನಾಯಿತು. ಬಾಣಂತನಕ್ಕೆ ಬಂದಿದ್ದ ಮಗಳ ಬೆರಳಿಗೂ ಹಾಗೇ ಮಾಡಿತು. ಖಾಲಾ ಬೆರಳಿಗೆ ಮಾತ್ರ ತೆರೆಯಿತು.

"ನಂದು ಖಾಲಿ ಬೆರಳಲ್ವಾ" ಎಂದರು ಖಾಲಾ ಮೆಲ್ಲಗೆ. "ಜಾಗ ಇತ್ತು. ಅವರು ಬಂದು ಕೂತ್ಕೊಂಡಿದ್ದಾರೆ."

ನನ್ನ ಮೈಯೆಲ್ಲ ಮುಳ್ಳೆದ್ದಿತು. ಅವರ ಮುಖದಲ್ಲಿ ಮಾತ್ರ ಹೆದರಿಕೆಯ ಸುಳಿವೂ ಇರಲಿಲ್ಲ. ಊರಿಂದ ಬಂದ ಗಂಡನಿಗೆ ಕೈಕಾಲು ತೊಳೆಯಲು ನೀರು ಕೊಡುವ ಹೆಂಗಸಿನ ಮುಖ ಅದು.

ಅಲ್ಲಿಂದ ಅವರ ವ್ಯಾಪಾರಕ್ಕೆ ಒಂದು ಪದ್ಧತಿ ಬಂತು. ಲಾಟಿನ ಮುಂದೆ ನಿಂತು, ಗೂಡಿನ ರಾಶಿಗೆ ಎಡಗೈ ಹಾಕಿ, ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬಲಗೈ ಬೆರಳನ್ನು ಫೋನಿಗೆ ಇಡುತ್ತಿದ್ದರು. ಒಂದೇ ಸಲಕ್ಕೆ ತೆರೆದರೆ ಆ ಲಾಟು ಅವರಿಗೆ ಒಪ್ಪಿಗೆ. ತೆರೆಯದಿದ್ದರೆ ಅದೆಷ್ಟೇ ಚೆಂದದ ಗೂಡಾಗಿರಲಿ, ಮುಂದಕ್ಕೆ ಹೋಗುತ್ತಿದ್ದರು. ಹಾಗೆ ಕೊಂಡ ಗೂಡು ಬೇಸಿನ್ನಿನಲ್ಲಿ ಎಂದೂ ಕೈಕೊಡಲಿಲ್ಲ. ನೂಲು ತೆಗೆಯುವ ಬೇರೆ ರೀಲರುಗಳು ಮೊದಲು ನಕ್ಕರು, ಆಮೇಲೆ ಅವರ ಹಿಂದೆ ಹಿಂದೆ ಸುತ್ತಿದರು. ಒಬ್ಬರು ಮುದುಕರಂತೂ ಖಾಲಾ ಹತ್ತಿರ ಹೋಗುವಾಗ ಅವರ ಪಕ್ಕದ ಖಾಲಿ ಜಾಗಕ್ಕೂ ಒಂದು ಸಲಾಮು ಹೇಳುತ್ತಿದ್ದರು.

ಫೋನಿನ ಜೊತೆ ಅವರು ಜಗಳವನ್ನೂ ಆಡುತ್ತಿದ್ದರು. "ನಿನ್ನೆ ಆ ವಿಜಯಪುರದ ಲಾಟು ಯಾಕೆ ಬೇಡ ಅಂದ್ರಿ? ಎಷ್ಟು ಚೆನ್ನಾಗಿತ್ತು" ಎಂದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಬೇಸಿನ್ನುಗಳ ಪಕ್ಕದ ಕಿಟಕಿಯಲ್ಲಿ ಅದನ್ನು ಇಡುತ್ತಿದ್ದರು. ಹಬೆಗೆ ಅದರ ಮೈಯೆಲ್ಲ ಬೆವರುತ್ತಿತ್ತು. ಹಿಂಬದಿಯಲ್ಲಿ ಹೆಬ್ಬೆಟ್ಟಿನಷ್ಟು ಜಾಗ ಮಾತ್ರ ಒಣಗಿರುತ್ತಿತ್ತು, ಯಾರೋ ಒತ್ತಿ ಹಿಡಿದು ಈಗಷ್ಟೇ ಕೈ ತೆಗೆದ ಹಾಗೆ. ಅದನ್ನು ನೋಡಿದ ಮೇಲೆ ನಾನು ಆ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದೆ.

ಹೀಗಿರುವಾಗ ಹರಾಜಿನ ಆಪ್ ಒಂದು ದಿನ ಹೊಸದಾಯಿತು. ಹಳೆಯ ಫೋನುಗಳಲ್ಲಿ ಇನ್ನು ನಡೆಯುವುದಿಲ್ಲ, ಫೋನಿನ ಒಳಗಿನ ಸಿಸ್ಟಮ್ ಅಪ್‌ಡೇಟ್ ಮಾಡಿಸಿ ಎಂದು ತೋರಿಸತೊಡಗಿತು. ಈ ಫೋನಿಗೆ ಅದರ ಕಂಪನಿಯವರು ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿಯವರನ್ನು ಫೋನಿನಲ್ಲಿ ವಿಚಾರಿಸಿದೆ. ಹೊಸ ಸಿಸ್ಟಮ್ ಹಾಕಬಹುದು, ಆದರೆ ಒಳಗಿರುವುದನ್ನೆಲ್ಲ ಒರೆಸಿ ಹಾಕಬೇಕು ಎಂದರು. ಫೋಟೋ, ನಂಬರುಗಳನ್ನು ತೆಗೆದಿಡಬಹುದು. ಬೆರಳಚ್ಚನ್ನು ಮಾತ್ರ ಯಾರಿಂದಲೂ ತೆಗೆದಿಡಲಾಗುವುದಿಲ್ಲ.

ಚಿಂತಾಮಣಿಯಿಂದ ಅಳಿಯ ಬಂದು, "ಅಮ್ಮೀ, ಹೊಸ ಫೋನ್ ತರ್ತೀನಿ. ಇದನ್ನ ಹಾಗೇ ಬೀರುಲಿ ಇಟ್ಕೊಳಿ" ಎಂದು ಒಳ್ಳೆಯ ಮಾತೇ ಹೇಳಿದ. ನಾನೂ ಅದನ್ನೇ ಹೇಳಿದೆ.

ಖಾಲಾ ತಲೆಯಾಡಿಸಿದರು. "ಬೀರುಲಿ ಇಟ್ರೆ ಅದು ಮಯ್ಯತ್ ಆಗತ್ತೆ, ಹೆಣ ಇಟ್ಟ ಹಾಗೆ. ಅವರು ಜ್ವರ ಬಂದ ದಿನಾನೂ ಮಾರ್ಕೆಟ್ ತಪ್ಪಿಸಿದವರಲ್ಲ. ನಾನು ಬೇರೆ ಫೋನ್ ಹಿಡ್ಕೊಂಡು ಹೋಗಿ, ಅವರನ್ನ ಕತ್ತಲಲ್ಲಿ ಕೂಡಿಹಾಕಲಾ?"

ಹಾಗೆಂದು ಮಾರುಕಟ್ಟೆಯನ್ನು ಬಿಡುವಂತಿರಲಿಲ್ಲ. ಬೇಸಿನ್ನುಗಳ ಮುಂದೆ ಕೂರುವ ಇಬ್ಬರು ಹೆಂಗಸರ ಮನೆಯ ಒಲೆ ಉರಿಯುತ್ತಿದ್ದದ್ದು ಈ ಗೂಡಿನಿಂದಲೇ. ಫೋನು ಮಾರುಕಟ್ಟೆಗೆ ಬರಬೇಕಾದರೆ ಅದರೊಳಗಿನ ಗಂಡ ಹೋಗಬೇಕು. ಗಂಡ ಉಳಿಯಬೇಕಾದರೆ ಫೋನು ಬೀರು ಸೇರಬೇಕು. ಎರಡು ಹರಾಜಿಗೆ ಅವರು ಹೋಗಲಿಲ್ಲ, ಊಟವನ್ನೂ ಸರಿಯಾಗಿ ಮಾಡಲಿಲ್ಲ. ಬೇಸಿನ್ನುಗಳು ತಣ್ಣಗಾದವು. ಕೆಲಸದ ಹೆಂಗಸರು ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. ಕೊನೆಗೆ ಒಂದು ಭಾನುವಾರ ಬುರ್ಖಾ ಹಾಕಿಕೊಂಡು ನನ್ನ ಬಾಗಿಲು ತಟ್ಟಿ, "ನಡಿ ಟೀಚರಮ್ಮ, ಹೋಗಣ" ಎಂದರು.

ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಕೊಡಲಿಲ್ಲ. "ಅವರಿಗೆ ಗಾಳಿ ಬೇಕು" ಎಂದು ತಾವೇ ಕೂತು, ಫೋನನ್ನು ಕಂಬಿಗೆ ಆನಿಸಿ ಹಿಡಿದುಕೊಂಡರು. ಹಿಪ್ಪುನೇರಳೆ ತೋಟಗಳು ಹಿಂದಕ್ಕೆ ಸರಿಯುತ್ತಿದ್ದವು. ದಾರಿಯಲ್ಲಿ ಒಮ್ಮೆ ಬೆರಳಿಟ್ಟರು. ತೆರೆಯಿತು. ಪರದೆಯ ಮೇಲೆ ಮೊಮ್ಮಗುವಿನ ಫೋಟೋ ಇತ್ತು. ಅದನ್ನು ನೋಡುತ್ತ, "ಈ ಕೂಸನ್ನ ಅವರು ನೋಡೇ ಇಲ್ಲ ಅಂತ ಎಲ್ರೂ ಅಂತಾರೆ" ಎಂದರು.

ಅಂಗಡಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ ನಡುವಯಸ್ಸಿನವರು. "ಲಾಕ್ ತೆಗೀರಿ ಅಮ್ಮ" ಎಂದರು. ಖಾಲಾ ಬೆರಳಿಟ್ಟರು. ಗುರ್ರೆಂದು ನಡುಗಿತು. ಬುರ್ಖಾಗೆ ಒರೆಸಿಕೊಂಡು ಮತ್ತೆ ಇಟ್ಟರು. ಮತ್ತೆ ನಡುಗಿತು. ಇಷ್ಟು ಕಾಲ ಮನೆಯಲ್ಲಿ ಒಂದು ದಿನವೂ ಹಾಗೆ ಮಾಡಿರಲಿಲ್ಲ.

"ಬಂದಿಲ್ಲ" ಎಂದರು ಖಾಲಾ. ಅವರ ದನಿ ಸಣ್ಣಗಾಗಿತ್ತು. "ಬಸ್ಸಲ್ಲೇ ಇಳ್ಕೊಂಡಿದ್ದಾರೆ. ನನ್ ಕೈಯಿಂದ ಅಳಿಸೋದು ಬೇಡ ಅಂತ."

ನಾನೇ ಗೀಟು ಎಳೆದು ತೆರೆದುಕೊಟ್ಟೆ. ಖಾಲಾ ನೋಡಲಾರದೆ ಹೊರಗಿನ ಬೆಂಚಿಗೆ ಹೋಗಿ ಕೂತರು. ಅಂಗಡಿಯವರು ಫೋಟೋಗಳನ್ನು ತೆಗೆದಿಟ್ಟು, ಬ್ಯಾಟರಿ ಉಬ್ಬಿದೆ, ಅದನ್ನೂ ಬದಲಿಸಿಬಿಡುತ್ತೇನೆಂದು ಹಿಂಬದಿಯ ಮುಚ್ಚಳ ಬಿಚ್ಚಿದರು. ಬಿಚ್ಚಿದವರು ಹಾಗೇ ನಿಂತರು.

"ಮೇಡಂ, ಇದನ್ನ ಬೆರಳಲ್ಲಿ ತೆಗೀತಿದ್ರು ಅಂದ್ರಲ್ಲ?"

"ಹೌದು. ಈಗ ಬಸ್ಸಲ್ಲೂ ತೆಗೆದ್ರು. ನಾನೇ ನೋಡ್ದೆ."

"ಚಾನ್ಸೇ ಇಲ್ಲ ಮೇಡಂ. ನೋಡಿ ಇಲ್ಲಿ."

ಬೆರಳಿಡುವ ಜಾಗದ ಒಳಮಗ್ಗುಲು ಪೂರಾ ಹಸಿರು ಕಿಲುಬು. ಅದರಿಂದ ಒಳಗೆ ಹೋಗಬೇಕಾದ ಸಣ್ಣ ಪಟ್ಟಿ ಕೊಳೆತು ಎರಡು ತುಂಡಾಗಿ ಬಿದ್ದಿತ್ತು. ಚಿಮ್ಮಟದಿಂದ ಮುಟ್ಟಿದರೆ ಪುಡಿಪುಡಿಯಾಯಿತು. "ಹಬೆ ಹೊಡೆದಿದೆ. ಇದು ಸತ್ತು ವರ್ಷಗಳಾಗಿರಬೇಕು. ಇದಕ್ಕೆ ಯಾರ ಬೆರಳೂ ಗೊತ್ತಾಗಲ್ಲ" ಎಂದರು. ಆಗಷ್ಟೇ ಅದು ಗುರ್ರೆಂದದ್ದನ್ನು ಅವರೂ ಕೇಳಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಬೇಗ ಬೇಗ ಮುಚ್ಚಳ ಹಾಕಿದರು. ಹೊರಗೆ ಬಿಸಿಲು ಸುಡುತ್ತಿತ್ತು, ಬಸ್ಸುಗಳು ಹಾರ್ನ್ ಹಾಕುತ್ತಿದ್ದವು. ಖಾಲಾಗೆ ನಾನು ಹೇಳಲಿಲ್ಲ. ಬಾಯಿ ಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆಂಬ ದಿಗಿಲು.

ಹೊಸ ಸಿಸ್ಟಮ್ ಹೊತ್ತ ಫೋನು ಹೊಳೆಹೊಳೆಯುತ್ತ ಎದ್ದು, ನೀವು ಯಾರು ಎಂದು ಮೊದಲಿಂದ ಕೇಳಿತು. ಖಾಲಾ ಅದನ್ನು ಪರರ ಮನೆಯ ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡರು. "ಬೆರಳು ಗಿರಳು ಬೇಡಪ್ಪ, ನಂಬರ್ ಹಾಕ್ಬಿಡು" ಎಂದರು.

ದಸರಾ ರಜೆಯಾದ್ದರಿಂದ ಮುಂದಿನ ಹರಾಜಿಗೆ ನಾನೂ ಜೊತೆಗೆ ಹೋದೆ. ಖಾಲಾ ಲಾಟಿನಿಂದ ಲಾಟಿಗೆ ನಡೆದರು, ಎಲ್ಲಿಯೂ ನಿಲ್ಲಲಿಲ್ಲ. ಹಿಂದೆ ಸುತ್ತುತ್ತಿದ್ದವರು ಒಬ್ಬೊಬ್ಬರಾಗಿ ಬೇರೆ ಕಡೆ ಸರಿದರು. ಬಿಡ್ ಮುಗಿಯುವ ಹೊತ್ತಾಯಿತೆಂದು ಮೈಕಿನಲ್ಲಿ ಕೂಗಿದರು. ಅಂಬಾಜಿದುರ್ಗದ ಕಡೆಯ ರೈತನ ರಾಶಿಯ ಮುಂದೆ ಅವರ ಕಾಲು ನಿಂತಿತು. ಗೂಡೊಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳಿದರು.

"ಖಾಲಾ, ಹೊತ್ತಾಗ್ತಿದೆ" ಎಂದೆ.

"ಕೇಳಿದ್ರೆ ಹೇಳೋರು ಯಾರಿದಾರೆ ಈಗ" ಎನ್ನುತ್ತ ಬಿಡ್ ಒತ್ತಿದರು. ಲಾಟು ಅವರದಾಯಿತು.

ಮರುದಿನ ಬೇಸಿನ್ನುಗಳು ಮತ್ತೆ ಕುದಿದವು. ಎಳೆ ಸಿಕ್ಕಿತು, ರಾಟೆ ತಿರುಗಿತು, ಮಧ್ಯಾಹ್ನದವರೆಗೂ ಎಳೆ ಕಡಿಯಲಿಲ್ಲ. ಅಂಥ ಗೂಡು ಆ ವರ್ಷವೇ ಬಂದಿರಲಿಲ್ಲ ಎಂದು ಕೆಲಸದ ಹೆಂಗಸರು ಹಿಗ್ಗಿದರು. ಖಾಲಾ ಮಾತ್ರ ಬೇಸಿನ್ನಿನ ಪಕ್ಕದಲ್ಲೇ ಕುಸಿದು ಕೂತು, ಮುಸುಕಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದರು. ನಾನು ಸಂತೋಷಕ್ಕೆ ಎಂದುಕೊಂಡೆ.

"ನನಗೇ ಬರ್ತಿತ್ತು ಟೀಚರಮ್ಮ" ಎಂದರು. "ಇಷ್ಟು ದಿನ ಗೂಡು ಆರಿಸಿದ್ದು ನನ್ ಕಿವಿ, ನನ್ ಕೈ. ಅವರಲ್ಲ. ಹಾಗಾದ್ರೆ ಅವರು ಬಂದೇ ಇರ್ಲಿಲ್ಲ ಅಲ್ವಾ? ನಾನೇ ಹುಚ್ಚಿ ಥರ ಒಬ್ಬಳೇ ಮಾತಾಡ್ಕೊಂಡಿದ್ದೆ ಅಲ್ವಾ?"

ಗಂಡ ಸತ್ತ ದಿನವೂ ಅವರು ಹಾಗೆ ಅತ್ತಿರಲಿಲ್ಲ. ಕಿಟಕಿಯ ಕಡೆ ನೋಡಲೂ ಹೆದರುತ್ತಿದ್ದ ನಾನು ಅವರ ಒದ್ದೆ ಕೈ ಹಿಡಿದುಕೊಂಡು, ಕಿಲುಬು ಹಿಡಿದು ತುಂಡಾದ ಪಟ್ಟಿಯ ಸಂಗತಿಯನ್ನೆಲ್ಲ ಹೇಳಿಬಿಟ್ಟೆ. "ಗೂಡು ಆರಿಸಿದ್ದು ನೀವೇ ಖಾಲಾ. ಆದರೆ ಆ ಫೋನು ನಿಮ್ಮ ಬೆರಳಿಗೆ ತೆರೆಯೋ ಹಾಗೇ ಇರಲಿಲ್ಲ. ಯಾರ ಬೆರಳಿಗೂ ತೆರೆಯೋ ಹಾಗಿರಲಿಲ್ಲ. ನಿಮ್ಮ ಕಿವಿ ಒಪ್ಪಿದಾಗ ಒಳಗಡೆಯಿಂದ ಯಾರೋ ತೆಗೀತಿದ್ರು."

ರಾಟೆ ತಿರುಗುತ್ತಲೇ ಇತ್ತು. ಖಾಲಾ ಕಣ್ಣೊರೆಸಿಕೊಂಡು, ನಾಚಿದ ಹುಡುಗಿಯ ಹಾಗೆ ನಕ್ಕರು.

"ಬಾಗಿಲು ತೆಗೆದು ಸುಮ್ನೆ ನಿಂತ್ಕೊಂಡಿದ್ರಾ? ಆರಿಸೋದು ನನಗೇ ಬಿಟ್ಟು? ಬದುಕಿದ್ದಾಗ ಒಂದು ದಿನಾನೂ ನನ್ ಮಾತು ಕೇಳಿದ ಗಂಡಸಲ್ಲ ಅದು."

ಆಮೇಲೆ ಎರಡು ವರ್ಷ ಅವರು ಒಬ್ಬರೇ ಮಾರುಕಟ್ಟೆ ಮಾಡಿದರು. ಫೋನಿನ ಜೊತೆ ಮಾತು ನಿಂತಿತು, ನನ್ನ ಜೊತೆ ಹೆಚ್ಚಾಯಿತು. ಯಜಮಾನರ ಎದೆಗೆ ಇಳಿದ ಹಬೆ ಅವರ ಎದೆಯನ್ನೂ ಬಿಡಲಿಲ್ಲ. ರಂಜಾನಿನ ಒಂದು ಬೆಳಿಗ್ಗೆ, ನಾನು ಶಾಲೆಗೆ ಹೊರಟಿದ್ದಾಗ, ತವರಿಗೆ ಬಂದಿದ್ದ ಮಗಳು ಕೂಗಿಕೊಂಡಳು, ಖಾಲಾ ಹೋಗಿಬಿಟ್ಟಿದ್ದರು. ಗಂಡಸರು ಹೊತ್ತುಕೊಂಡು ಹೋದರು. ಹೆಂಗಸರು ಬಾಗಿಲವರೆಗೆ ಬಂದೆವು. ಬೇಸಿನ್ನುಗಳನ್ನು ಕೆಲಸದ ಹೆಂಗಸರಿಬ್ಬರೇ ನಡೆಸಿಕೊಂಡು ಹೋಗುತ್ತಿದ್ದಾರೆ, ಗೋಡೆಯಾಚೆ ಸದ್ದು ನಿಂತಿಲ್ಲ.

ಸತ್ತವರೆಂದರೆ ನಡುಗುತ್ತಿದ್ದವಳಿಗೆ ಅವರನ್ನು ಮನೆಯವರಂತೆ ಕಾಣುವುದನ್ನು ಕಲಿಸಿದವರು ಖಾಲಾ. ಆ ಋಣ ನನ್ನ ಮೇಲಿದೆ. ಈಗ ಮನೆಯಲ್ಲಿ ಒಬ್ಬಳೇ ಇದ್ದಾಗ ಏನಾದರೂ ಸದ್ದಾದರೆ ಓಡುವುದಿಲ್ಲ, ಕೆಲಸ ಬಿಟ್ಟು ಎದ್ದು ನಿಂತು, "ಖಾಲಾ?" ಎಂದು ಕರೆಯುತ್ತೇನೆ. ಇದುವರೆಗೂ ಬಂದಿಲ್ಲ. ಗಂಡ ಸಿಕ್ಕಿರಬೇಕು, ಈ ಟೀಚರಮ್ಮನ ನೆನಪು ಇನ್ನೆಲ್ಲಿ.