ಬೀದಿಯಲ್ಲಿ ನಿಂತು ಕೇಳಿದ ಮಗ್ಗ

ಚಿಂತೆ ಮಾಡಲು ನನಗೆ ಕಾರಣ ಬೇಕಾಗಿಲ್ಲ. ಬಾಗಿಲಿಗೆ ಬೀಗ ಹಾಕಿ ಬಸ್ ನಿಲ್ದಾಣದವರೆಗೆ ನಡೆದು, ಹಾಕಿದೆನೋ ಇಲ್ಲವೋ ಎಂದು ವಾಪಸ್ ಬಂದು ಜಗ್ಗಿ ನೋಡುವ ಜಾತಿ ನನ್ನದು. ವಯಸ್ಸು ಐವತ್ತರ ಹತ್ತಿರ ಬಂದರೂ ಅದು ಹೋಗಿಲ್ಲ. ಹೀಗೆ ಎಲ್ಲವನ್ನೂ ಎರಡೆರಡು ಸಲ ನೋಡುವ ನಾನು, ನೋಡಲೇಬೇಕಾಗಿದ್ದ ಒಂದನ್ನು ಒಂದು ಸಲವೂ ನೋಡದೆ, ಬರೀ ಕಿವಿಯಿಂದ ಕೇಳಿ ತೀರ್ಮಾನ ಹೇಳಿಬಿಟ್ಟೆ. ಅದು ಒಬ್ಬ ಮನುಷ್ಯನ ಬಲಗೈಯ ವಿಷಯ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕೊಳ್ಳೇಗಾಲದ ಒಂದು ಕಚೇರಿಯಲ್ಲಿ ಗುಮಾಸ್ತ. ಸಂಜೆಯಾದರೆ ಟೀ ಅಂಗಡಿಯ ಬೆಂಚಿನ ಮೇಲೆ ಐದು ಜನ ಸೇರುತ್ತಿದ್ದೆವು. ಐವರಿಗೂ ಕ್ರಿಕೆಟ್ ಹುಚ್ಚು, ಐವರಿಗೂ ಆಡಲು ಬಾರದು. ನಾನು ಆಡಿದ್ದು ಒಂದೇ ಪಂದ್ಯ. ಅದರಲ್ಲಿ ಕ್ಯಾಚ್ ಬಂತು, ಕನ್ನಡಕ ಹೋಯಿತು.

ರಾಗಿ ಒಕ್ಕಣೆ ಮುಗಿದ ಮೇಲೆ ನಮ್ಮ ಕಡೆ ಕಾರ್ಕ್ ಬಾಲಿನ ಪಂದ್ಯಗಳು ಶುರುವಾಗುತ್ತಿದ್ದವು. ಒಂದು ಭಾನುವಾರ ಹನೂರಿನಲ್ಲಿ, ಇನ್ನೊಂದು ಭಾನುವಾರ ಯಳಂದೂರಿನಲ್ಲಿ, ಕೊನೆಗೆ ಕೊಳ್ಳೇಗಾಲದಲ್ಲಿ. ಆಡಲಾರದ ನಾವು ಅದಕ್ಕೊಂದು ಉಪಾಯ ಕಂಡುಕೊಂಡಿದ್ದೆವು: ಕಾಗದದ ಟೀಮು. ಎಲ್ಲ ಊರಿನ ತಂಡಗಳ ಆಟಗಾರರಲ್ಲಿ ನಾವು ಒಬ್ಬೊಬ್ಬರೂ ಆರು ಜನರನ್ನು ಸರದಿಯಂತೆ ಆರಿಸಿ ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು. ಅವರು ಮೈದಾನದಲ್ಲಿ ಹೊಡೆದ ಒಂದೊಂದು ರನ್ನಿಗೆ ನಮಗೆ ಒಂದು ಅಂಕ, ಕಿತ್ತ ಒಂದೊಂದು ವಿಕೆಟ್ಟಿಗೆ ಇಪ್ಪತ್ತು. ಬುಧವಾರ ಸಂಜೆ, ಬೇಕಾದವರು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಬಾಜಿಗೀಜಿ ಏನಿಲ್ಲ. ಸೋತವನಿಗೆ ಒಂದೇ ಶಿಕ್ಷೆ: ಮುಂದಿನ ವರ್ಷ ಪೂರ್ತಿ ಭಾನುವಾರದ ಬಿಸಿಲಿನಲ್ಲಿ ಕೂತು ಲೆಕ್ಕ ಬರೆಯಬೇಕು. ಅದಕ್ಕೆ ಪ್ರತಿಯಾಗಿ ಮೊದಲ ಆಯ್ಕೆ ಅವನದು.

ಎರಡು ವರ್ಷ ಒಂದೇ ಸಮನೆ ಸೋತು ನನ್ನ ಕತ್ತು ಕರ್ರಗಾಗಿತ್ತು. ಮೂರನೆಯ ವರ್ಷ ಮೊದಲ ಆಯ್ಕೆಯಲ್ಲಿ ನಮ್ಮೂರ ನೇಕಾರರ ಬೀದಿಯ ತಂಡದ ವೇಗದ ಬೌಲರ್‌ನನ್ನು ಹಿಡಿದುಕೊಂಡೆ. ಇಪ್ಪತ್ತಾರರ ಸಣಕಲು ಆಳು, ಮದುವೆಯಾದವನು. ಮನೆಯಲ್ಲೇ ಗುಂಡಿ ಮಗ್ಗ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು, ಬಲಗೈಯಲ್ಲಿ ಹಗ್ಗ ಜಗ್ಗಿದರೆ ಲಾಳಿ ರೇಷ್ಮೆಯ ನಡುವೆ ಆ ತುದಿಯಿಂದ ಈ ತುದಿಗೆ ಓಡಬೇಕು. ಬೆಳಗಿನಿಂದ ಸಂಜೆವರೆಗೆ ಸಾವಿರಾರು ಸಲ. ಅವನ ಬಾಲಿನ ವೇಗವೆಲ್ಲ ಆ ಹಗ್ಗದಿಂದ ಬಂದದ್ದು ಎಂದು ಜನ ಹೇಳುತ್ತಿದ್ದರು.

ಹನೂರಿನ ಪಂದ್ಯದಲ್ಲಿ ಬೌಂಡರಿ ತಡೆಯಲು ಹೋಗಿ ಅವನು ಕಲ್ಲಿನಂಥ ನೆಲಕ್ಕೆ ಬಲಭುಜ ಊರಿ ಬಿದ್ದ. ಯಾರೋ ಸೈಕಲ್ ಮೇಲೆ ಕೂರಿಸಿಕೊಂಡು ಮೂಳೆ ಕಟ್ಟುವವನ ಹತ್ತಿರ ಕರೆದೊಯ್ದರು. ಮಾರನೆಯ ದಿನದಿಂದ ಟೀ ಅಂಗಡಿಯಲ್ಲಿ ಮೂರು ಸುದ್ದಿ: ಮೂಳೆ ಮುರಿದಿದೆ, ಮೂಳೆ ಜರುಗಿದೆ, ಏನೂ ಆಗಿಲ್ಲ ಎಣ್ಣೆ ತಿಕ್ಕಿ ಕಳಿಸಿದ್ದಾರೆ. ಪಕ್ಕದ ಸೈಕಲ್ ಶಾಪಿನವನೇ ಆ ತಂಡದ ಕ್ಯಾಪ್ಟನ್. ಅವನು ಮಾತ್ರ, "ಕೈ ಎತ್ತಕಾಯ್ತಿಲ್ಲ ಅಂದ ಸಾ. ಬುಡು, ಮಲಿಕ್ಕ ಅಂದಿವ್ನಿ. ಹೂಗ್ಯಂನಿಂದ ಇನ್ನೊಬ್ಬನ್ನ ಕರಿಸ್ತೀನಿ" ಎಂದ.

ನಮ್ಮ ಐವರಲ್ಲಿ ಒಬ್ಬರು ಮೇಷ್ಟ್ರು. ಅವರು ನನ್ನ ಪಕ್ಕಕ್ಕೆ ಸರಿದು ಕೂತು, "ಲೇ, ಅವನ್ನ ನಂಗೆ ಕೊಟ್ಬುಡು. ನನ್ ಧನಗೆರೆ ಬ್ಯಾಟ್ಸ್‌ಮನ್ನ ತಕ್ಕೊ. ಪಾಪ ಅಂತ ಕೊಡ್ತಿವ್ನಿ ಕಣ್ಲಾ" ಎಂದರು. ಮೇಷ್ಟ್ರು ಪಾಪ ಅಂದರೆ ಅದರಲ್ಲಿ ಏನೋ ಇದೆ ಎಂದು ನನಗೆ ಗಾಬರಿ. ಕೊಟ್ಟ ಮೇಲೆ ಅವನು ಎದ್ದು ಬಂದು ಐದು ವಿಕೆಟ್ ಕಿತ್ತರೆ? ಕೊಡದೆ ಅವನು ಮಲಗಿಯೇಬಿಟ್ಟರೆ? ಕಚೇರಿಯ ಫೈಲಿನ ಅಂಚಿನಲ್ಲಿ ಎರಡು ಕಡೆಯ ಅಂಕ ಕೂಡಿಸಿ ಕಳೆದು, ಮೇಲಧಿಕಾರಿಯಿಂದ ಬೈಸಿಕೊಂಡೆ.

ಮಂಗಳವಾರ ಸಂಜೆ ಸೈಕಲ್ ಹತ್ತಿ ನೇಕಾರರ ಬೀದಿಗೆ ಹೋದೆ. ಆ ಸೈಕಲ್ಲಿನ ಮುಂದಿನ ಚಕ್ರದ ನಡುವೆ ಕೆಂಪು ಕುಚ್ಚಿನ ಬಳೆಯೊಂದು ಸುತ್ತುತ್ತಿತ್ತು. ನನ್ನ ತಂಗಿ ಹಾಕಿದ್ದು, ತೆಗೆಯಲು ಧೈರ್ಯವಿರಲಿಲ್ಲ. ಅವನ ಮನೆಯ ಎದುರು ಒಂದು ಕಾಲು ಊರಿ ನಿಂತೆ. ಬಾಗಿಲು ತೆರೆದಿತ್ತು, ಒಳಗೆ ಕತ್ತಲೆ. ಮಗ್ಗ ಓಡುತ್ತಿತ್ತು. ಲಾಳಿ ಹೋದ ಸದ್ದು, ಹಲಗೆ ಬಡಿದ ಸದ್ದು. ಮತ್ತೆ ಲಾಳಿ, ಮತ್ತೆ ಹಲಗೆ. ನಾಡಿ ನೋಡುವ ಪಂಡಿತನ ಹಾಗೆ ಕಣ್ಣು ಮುಚ್ಚಿ ಕೇಳಿದೆ. ಎಲ್ಲೂ ಎಡವಲಿಲ್ಲ.

ಒಳಗೆ ಹೋಗಬಹುದಿತ್ತು. ಹೊಸ್ತಿಲಿಗೆ ಹತ್ತು ಹೆಜ್ಜೆ. ಆದರೆ ಏನೆಂದು ಹೋಗಲಿ? ನನ್ನ ಇಪ್ಪತ್ತು ಅಂಕಕ್ಕಾಗಿ ನಿನ್ನ ಭುಜ ತೋರಿಸು ಅನ್ನಲೇ? ನಾಚಿಕೆಯಾಯಿತು. ಬಂದ ಹಾಗೇ ಸೈಕಲ್ ತಿರುಗಿಸಿದೆ. ಆ ನಾಚಿಕೆಯನ್ನು ಮರ್ಯಾದೆ ಎಂದುಕೊಂಡು ಬಹಳ ದಿನ ಸಮಾಧಾನಪಟ್ಟಿದ್ದೇನೆ.

ಬುಧವಾರ ಟೀ ಅಂಗಡಿಯಲ್ಲಿ ದೊಡ್ಡ ಗಂಟಲಲ್ಲಿ ಹೇಳಿದೆ, "ಅದಲುಬದಲು ಇಲ್ಲ ಮೇಷ್ಟ್ರೆ. ಅವನಿಗೇನೂ ಆಗಿಲ್ಲ. ಮಗ್ಗ ಓಡಿಸ್ತಾವ್ನೆ. ನಾನೇ ಕಿವಿಯಾರ ಕೇಳ್ಕಂಡ್ ಬಂದಿವ್ನಿ."

"ಕಿವಿಯಾರ ಕೇಳೋದು ನಾದಸ್ವರ ಕಣ್ಲಾ, ಭುಜಾನಲ್ಲ" ಎಂದರು ಮೇಷ್ಟ್ರು.

"ಬಲಗೈ ಆಡ್ದೆ ಲಾಳಿ ಓಡ್ತದಾ? ಹೇಳಿ ನೋಡಣ."

ಮೇಷ್ಟ್ರು ಟೀ ಲೋಟದ ಕಡೆ ತಿರುಗಿದರು. ವಾದದಲ್ಲಿ ನಾನು ಗೆದ್ದದ್ದು ಬಹುಶಃ ಅದೇ ಮೊದಲು. ಅಷ್ಟರಲ್ಲಿ ಹಿಂದೆ ನಿಂತು ಟೀ ಕುಡಿಯುತ್ತಿದ್ದ ಕ್ಯಾಪ್ಟನ್ ಲೋಟ ಕೆಳಗಿಟ್ಟ.

"ಏನಂದ್ರಿ ಸಾ? ಮಗ್ಗ ಓಡಿಸ್ತಾವ್ನಾ? ನನ್ ತಾವ ಅನ್ನ ಕಲಸಕೂ ಕೈ ಬರಕಿಲ್ಲ ಅಂತ ಅತ್ನಲ್ಲ, ಬಡ್ಡೆತ್ತದು!"

ಅವನ ಮುಖ ನೋಡಿ, ತಡೆಯಬೇಕೇನೋ ಅನ್ನಿಸಿತು. ಆದರೆ ದಿನಕ್ಕೆ ಹತ್ತು ಸಲ ಹೀಗೆ ಏನಾದರೊಂದು ಅನ್ನಿಸುವ ಮನಸ್ಸು ನನ್ನದು, ಅದರ ಮಾತನ್ನು ಎಷ್ಟೆಂದು ಕೇಳುವುದು? ಕ್ಯಾಪ್ಟನ್ ನೇಕಾರರ ಬೀದಿಯ ಕಡೆ ಹೋದ. ನಾನು ಇನ್ನೊಂದು ಟೀ ಹೇಳಿದೆ.

ಭಾನುವಾರ ಯಳಂದೂರಿನ ಮೈದಾನದಲ್ಲಿ ಅವನು ತುಂಬುತೋಳಿನ ಅಂಗಿ ಹಾಕಿ, ಮಣಿಕಟ್ಟಿನವರೆಗೆ ಗುಂಡಿ ಬಿಗಿದು ಬಂದಿದ್ದ. ನಾನು ಹರಕು ಕೊಡೆಯಡಿ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದೆ. ಮೊದಲ ಓವರಿನಲ್ಲೇ ಎರಡು ವಿಕೆಟ್. ನಾನು ಮೇಷ್ಟ್ರ ಕಡೆ ನೋಡಿ ಹುಬ್ಬು ಹಾರಿಸಿದೆ. ವಿಕೆಟ್ ಬಿದ್ದಾಗ ಉಳಿದವರೆಲ್ಲ ಅವನ ಮೈಮೇಲೆ ಬಿದ್ದು ಕುಣಿದರು, ಅವನು ಮಾತ್ರ ಬಲಗಡೆಗೆ ಯಾರೂ ಬರದ ಹಾಗೆ ಎಡಗೈ ಅಡ್ಡ ಹಿಡಿದಿದ್ದ. ಅದನ್ನು ನೋಡಿದೆ. ಬರೆಯಲು ಅದಕ್ಕೆ ಪುಸ್ತಕದಲ್ಲಿ ಜಾಗವಿರಲಿಲ್ಲ.

ಮೂರನೆಯ ಓವರಿನಲ್ಲಿ ಬಾಲು ಅವನ ಕೈಯಿಂದ ನೆಟ್ಟಗೆ ಮೇಲಕ್ಕೆ ಹೋಗಿ, ಎರಡು ಮಾರು ಮುಂದೆ ಬಿತ್ತು. ಅವನು ಬೀಳಲಿಲ್ಲ. ಬೇರೆ ಯಾರದೋ ಸಾಮಾನನ್ನು ಹಿಡಿದುಕೊಂಡ ಹಾಗೆ ಎಡಗೈಯಲ್ಲಿ ಬಲಗೈಯನ್ನು ಹಿಡಿದು ನಿಂತುಬಿಟ್ಟ. ಕೂಗಲೂ ಇಲ್ಲ. ಅಂಗಿ ಬಿಚ್ಚಿದಾಗ ಒಳಗೆ ಮೂಳೆ ಕಟ್ಟುವವನು ಮೊಟ್ಟೆಯ ಲೋಳೆಯಲ್ಲಿ ನೆನೆಸಿ ಕಟ್ಟಿದ್ದ ಬಟ್ಟೆಯ ಗುರುತು ಕುತ್ತಿಗೆಯಿಂದ ಮೊಣಕೈವರೆಗೆ ಇತ್ತು. ಆ ಕಟ್ಟನ್ನು ಬೆಳಿಗ್ಗೆ ಬಿಚ್ಚಿಸಿ ಕರೆತಂದಿದ್ದರು.

ಆ ಕ್ಷಣ ನನಗೆ ಮೊದಲು ಹೊಳೆದದ್ದು ಏನೆಂದು ಬರೆಯದಿದ್ದರೆ ಇಷ್ಟು ಬರೆದದ್ದೂ ದಂಡ. ಹೇಗೂ ನಲವತ್ತು ಅಂಕ ಬಂತಲ್ಲ, ಅಂದುಕೊಂಡೆ. ಆ ನಲವತ್ತರಿಂದಲೇ ಆ ವರ್ಷ ಗೆದ್ದೆ.

ಹದಿನೈದು ದಿನ ಕಳೆದು, ಬಾಳೆಹಣ್ಣು ಹಿಡಿದು ಅವನ ಮನೆಗೆ ನಡೆದುಹೋದೆ. ಬೀದಿಯ ತಿರುವಿನಲ್ಲೇ ಮಗ್ಗದ ಸದ್ದು ಕೇಳಿಸಿತು. ಅದೇ ಸದ್ದು, ಅದೇ ಓಟ. ಒಂದು ಗಳಿಗೆ ನನ್ನ ಎದೆ ಹಗುರಾಯಿತು. ಹೊಸ್ತಿಲು ದಾಟಿದೆ. ಗುಂಡಿಯೊಳಗೆ ಕೂತು ಹಗ್ಗ ಜಗ್ಗುತ್ತಿದ್ದವಳು ಅವನ ಹೆಂಡತಿ. ಅವನು ಗೋಡೆಗೊರಗಿ, ಬಲಗೈಯನ್ನು ಜೋಳಿಗೆಗೆ ಹಾಕಿ, ಎಡಗೈಯಲ್ಲಿ ರಾಟೆ ತಿರುಗಿಸುತ್ತ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದ. ಆ ಬೀದಿಯಲ್ಲಿ ಅದು ಹೆಂಗಸರು, ಮುದುಕರು ಮಾಡುವ ಕೆಲಸ.

"ಯಾವಾಗಿಂದ..." ಎಂದೆ.

"ಅನೂರಿಂದ ಬಂದ್ ಮಾರ್ನೇ ದಿನದಿಂದ್ಲೇ ಸಾ, ಇವ್ಳೇ ನೇಯ್ತಿರೋದು" ಎಂದ ಅವನು. "ಯಾರೋ ನಾನು ಮಗ್ಗ ಓಡಿಸ್ತಿವ್ನಿ ಅಂತ ಕ್ಯಾಪ್ಟನ್‌ಗೆ ಏಳ್ಬುಟ್ರಂತೆ. ಅವ್ನು ಬಂದು ಬೀದಿ ಜನದ ಮುಂದೆಲ್ಲ ಕಳ್ಳ ಅಂದ್ಬುಟ್ಟ. ಎಂಡ್ತಿ ನೇಯ್ತಾವ್ಳೆ, ನಾನು ಕಂಡಿಕೆ ಸುತ್ತುತಿವ್ನಿ ಅಂತ ಎಂಗ್ ಸಾ ಏಳದು? ಅದ್ಕಿಂತ ಬಾಲ್ ಎಸೆಯದೇ ವಾಸಿ ಅನ್ನುಸ್ತು."

ನಾನು ಬಾಳೆಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ಹುಡುಕುತ್ತಿದ್ದೆ. ಅವನು ಜೋಳಿಗೆಯಿಂದ ಕೈ ತೆಗೆದು ಎತ್ತಿ ತೋರಿಸಿದ. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು.

"ನೀವು ಆಟ ತಿಳ್ಕಂಡೋರು. ನೋಡೇಳಿ ಸಾ, ಮುಂದಿನ್ ವರ್ಸಕ್ಕೆ ಬತ್ತದಾ?"

ಮೊದಲ ಸಲ ಆ ಕೈಯನ್ನು ಹತ್ತಿರದಿಂದ ನೋಡಿದೆ. ಭುಜ ಒಂದು ಕಡೆ ಗುಳಿಬಿದ್ದಿತ್ತು. "ಬತ್ತದೆ, ಯಾಕ್ ಬರಕಿಲ್ಲ" ಎಂದೆ. ಮಗ್ಗ ನಿಂತಿತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಮತ್ತೆ ಓಡಿತು.

ಮುಂದಿನ ವರ್ಷ ಕಾಗದದ ಟೀಮಿಗೆ ಆರಿಸುವಾಗ ಯಾರೂ ಅವನ ಹೆಸರೆತ್ತಲಿಲ್ಲ. ಗೆದ್ದವನಾದ್ದರಿಂದ ನನ್ನ ಸರದಿ ಕೊನೆಯದು. ಅವನನ್ನೇ ಬರೆಸಿದೆ.

"ಲೇ, ಮುರುದ್ ಕೈಗೆ ಜಾಗ ಕೊಡ್ತೀಯಲ್ಲಾ, ಬುದ್ಧಿ ನೆಟ್ಟಗದಾ?" ಎಂದರು ಮೇಷ್ಟ್ರು.

"ಇರ್ಲಿ ಬುಡಿ" ಎಂದೆ. ಪ್ರಾಯಶ್ಚಿತ್ತ ಎಂದುಕೊಂಡಿದ್ದೆ. ಬಿಸಿಲಿನಲ್ಲಿ ಇನ್ನೊಂದು ವರ್ಷ ಕೂತರೆ ಸಾಲ ತೀರಿತು ಎಂಬ ಅಗ್ಗದ ಎಣಿಕೆ. ಅದರಿಂದ ಆ ಮನೆಯಲ್ಲಿ ಒಂದು ಗೇಣು ಸೀರೆಯೂ ಹೆಚ್ಚಿಗೆ ನೇಯ್ದಂತಾಗುವುದಿಲ್ಲ ಎಂಬುದು ತಲೆಗೆ ಹೋಗಿರಲಿಲ್ಲ.

ಹಾಗೆ ಬರೆಸಿ ಎರಡು ವಾರವಾಗಿತ್ತು. ಒಂದು ಸಂಜೆ ಅವನ ಹೆಂಡತಿ ಸೈಕಲ್ ಶಾಪಿನ ಪಕ್ಕ ಬಂದು ನಿಂತಳು. ಟೀ ಅಂಗಡಿಗೆ ಹೆಂಗಸರು ಬರುತ್ತಿರಲಿಲ್ಲ. ನಾನೇ ಎದ್ದುಹೋದೆ.

"ಸಾ, ಅದ್ಯಾವ್ದೋ ಕಾಗದದಲ್ಲಿ ಅವ್ರ್ ಎಸ್ರು ಬರ್ದಿದ್ದೀರಂತೆ. ಒಡ್ದಾಕ್ಬುಡಿ."

"ಅದು ಸುಮ್ನೆ ಆಟಕ್ಕಮ್ಮ..."

"ನಿಮ್ಗೆ ಆಟ. ಕೈ ಬತ್ತದೆ ಅಂತ ತಾನೇ ಅಷ್ಟು ತಿಳ್ದೋರು ಬರ್ದವ್ರೆ ಅಂತ, ದಿನಾ ಬೆಳಿಗ್ಗೆ ಗ್ವಾಡೆಗೆ ಬಾಲ್ ಎಸೀತಾವ್ರೆ. ಇನ್ನೊಂದ್ಸಲ ಭುಜ ಕಿತ್ಕಂಡ್ರೆ ಕಂಡಿಕೆ ಸುತ್ತಕೂ ಆಗಕಿಲ್ಲ ಅಂದವ್ರೆ ಡಾಕ್ಟ್ರು. ನಾ ಏಳುದ್ರೆ ಕೇಳಕಿಲ್ಲ."

ನಾನು ಏನೋ ಹೇಳಹೊರಟೆ. ಅವಳು ಅಲ್ಲೇ ಗೋಡೆಗೆ ಒರಗಿಸಿದ್ದ ನನ್ನ ಸೈಕಲ್ಲಿನ ಕಡೆ ನೋಡುತ್ತಿದ್ದಳು.

"ಮಗ್ಗದ ಗುಂಡೀಲಿ ಕುಂತೋರ್ಗೆ ಬಾಗ್ಲಲ್ಲಿ ಬೀದಿ ಜನದ ಕಾಲು, ಚಕ್ರ ಅಷ್ಟೇ ಕಾಣದು ಸಾ. ಆವತ್ತು ಆ ಕೆಂಪು ಕುಚ್ಚು ಬಾಳ ಒತ್ತು ನಿಂತಿತ್ತು. ಒಳೀಕ್ ಬತ್ತಾರೇನೋ ಅಂತ ನಾನೂ ನೋಡ್ದೆ."

ಒಂದು ವರ್ಷ ಅವಳು ಅದನ್ನು ಗಂಡನಿಗೆ ಹೇಳಿರಲಿಲ್ಲ; ಹೇಳಿದ್ದರೆ ಅವನು ನನ್ನ ಮಾತು ನಂಬಿ ಬಾಲು ಎಸೆಯುತ್ತಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಬೆಂಚಿನ ಮೇಲಿದ್ದ ಪುಸ್ತಕ ತಂದು ಅವಳ ಮುಂದೆಯೇ ಅವನ ಹೆಸರಿನ ಮೇಲೆ ಗೆರೆ ಎಳೆದೆ. ಅವಳಿಗೆ ಅದು ಸಾಲಲಿಲ್ಲ.

"ಆ ಆಳೆ ಕೊಡಿ. ಕಣ್ಣಾರ ನೋಡ್ದೇ ಅವ್ರು ನಂಬಕಿಲ್ಲ."

ಹರಿದು ಕೊಟ್ಟೆ. ಐವರ ಟೀಮೂ ಇದ್ದದ್ದು ಆ ಒಂದೇ ಹಾಳೆಯಲ್ಲಿ. ಬೆಂಚಿನಿಂದ ಮೇಷ್ಟ್ರು "ಲೇ, ಲೇ, ಏನ್ಲಾ ಮಾಡ್ತಿದ್ದಿ!" ಎಂದು ಕೂಗುತ್ತಿದ್ದರು. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕತ್ತಲಾಗುವುದರೊಳಗೆ ಇನ್ನೊಂದಷ್ಟು ನೇಯಬೇಕೆಂದು ಹೊರಟುಹೋದಳು.